ದಾರೋಗ ಭಗವಾನನಿಗೆ ಯಾಕೆ ಹೊಡೆದ? ಚೌರಿ ಚೌರಾ, 1922

ಚೌರಿ ಚೌರಾ ಅಂದ ತಕ್ಷಣ ಶಾಲೆಯಲ್ಲಿ ಓದಿದ ಎರಡು ಸಾಲು ನೆನಪಾಗುತ್ತದೆ. ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟರು, ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿದರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಬೆಂಕಿ ಬೀಳುವ ಕೆಲವೇ ದಿನ ಮೊದಲು ಅಲ್ಲಿನ ಸಂತೆಯಲ್ಲಿ ಒಬ್ಬನಿಗೆ ಏಟು ಬಿದ್ದಿತ್ತು. ಹೊಡೆದವನು ಠಾಣೆಯ ದಾರೋಗ ಗುಪ್ತೇಶ್ವರ ಸಿಂಗ್. ದಾರೋಗ ಅಂದರೆ ನಮ್ಮ ಕಡೆಯ ಫೌಜುದಾರ, ಈಗಿನ ಸಬ್ ಇನ್‌ಸ್ಪೆಕ್ಟರ್. ಏಟು ತಿಂದವನು ಭಗವಾನ್ ಅಹೀರ್. ಅದೇ ಬ್ರಿಟಿಷರ ಸೈನ್ಯದಲ್ಲಿ ದುಡಿದು ಪಿಂಚಣಿ ಪಡೆಯುತ್ತಿದ್ದ ಮಾಜಿ ಸೈನಿಕ.

ನಾನು ಈ ಪ್ರಕರಣವನ್ನು ಆ ಏಟಿನಿಂದಲೇ ಶುರು ಮಾಡುತ್ತೇನೆ. ವಸಾಹತು ಕಾಲದ ಪೊಲೀಸ್ ಹಿಂಸೆಯ ಬಗ್ಗೆ ಮಾತಾಡುವಾಗ ನಾವು ಮೇಲಿನಿಂದ ಬಂದ ಆಜ್ಞೆ, ಕಾನೂನು, ಗೋಲಿಬಾರ್ ಇವನ್ನೇ ನೋಡುತ್ತೇವೆ. ಸಂತೆಯ ನಡುವೆ, ನಾಲ್ಕು ಜನ ನೋಡುತ್ತಿರುವಾಗ, ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಮೇಲೆ ಕೈ ಮಾಡುವುದರಲ್ಲಿ ಏನೇನಿದೆ ಅಂತ ನೋಡುವುದು ಕಡಿಮೆ.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಈಗಿನ ಉತ್ತರ ಪ್ರದೇಶದ ಗೋರಖ್‌ಪುರ ಜಿಲ್ಲೆ. ಚೌರಿ ಮತ್ತು ಚೌರಾ ಎರಡು ಬೇರೆ ಬೇರೆ ಹಳ್ಳಿಗಳು. ರೈಲು ಬಂದಾಗ ಎರಡರ ಹೆಸರನ್ನೂ ಸೇರಿಸಿ ಸ್ಟೇಷನ್‌ಗೆ ಇಟ್ಟರು, ಜೋಡಿ ಹೆಸರು ಹಾಗೇ ಉಳಿಯಿತು. ರೈಲು ಹಳಿಯ ಹತ್ತಿರವೇ ಪೊಲೀಸ್ ಠಾಣೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮುಂಡೇರಾ ಬಜಾರು, ಒಬ್ಬ ಜಮೀನ್ದಾರರ ಹಿಡಿತದಲ್ಲಿದ್ದ ಸಂತೆ. ಮೊದಲ ಮಹಾಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಬೆಲೆಗಳು ಇಳಿದಿರಲಿಲ್ಲ. ಅಸಹಕಾರ ಚಳವಳಿಯ ಸ್ವಯಂಸೇವಕರು ಈ ಸಂತೆಯಲ್ಲಿ ಮಾಂಸ, ಮೀನಿನ ಬೆಲೆ ಇಳಿಸಿ, ಹೆಂಡ ಮಾರಬೇಡಿ ಅಂತ ಪಿಕೆಟಿಂಗ್ ಮಾಡುತ್ತಿದ್ದರು, ಅಂದರೆ ಅಂಗಡಿಗಳ ಮುಂದೆ ನಿಂತು ವ್ಯಾಪಾರ ತಡೆಯುತ್ತಿದ್ದರು. ಬೆಲೆ ಮತ್ತು ಹೆಂಡ, ಕೇಳಿದ್ದು ಇಷ್ಟೇ. ಆದರೆ ಅದು ಜಮೀನ್ದಾರರ ಜೇಬಿಗೆ ಬಡಿಯುವ ಮಾತು. ಜಮೀನ್ದಾರರ ಸಂತೆಯ ಶಾಂತಿ ಕಾಯುವುದು ದಾರೋಗನ ಕೆಲಸ.

ಇಲ್ಲಿ ದಾರೋಗ ಅನ್ನುವ ಹುದ್ದೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 1857ರ ದಂಗೆಯ ನಂತರ ಬ್ರಿಟಿಷರು 1861ರ ಪೊಲೀಸ್ ಕಾಯ್ದೆ ತಂದರು. ಅದಕ್ಕೂ ಮೊದಲೇ, 1843ರಲ್ಲಿ ಬ್ರಿಟಿಷ್ ಸೇನಾಪತಿ ಚಾರ್ಲ್ಸ್ ನೇಪಿಯರ್ ಸಿಂಧ್‌ನಲ್ಲಿ ಐರ್ಲೆಂಡಿನ ಪೊಲೀಸ್ ಪಡೆಯ ಮಾದರಿಯಲ್ಲಿ ಒಂದು ಪಡೆ ಕಟ್ಟಿದ್ದ. ಐರ್ಲೆಂಡಿನ ಆ ಪಡೆ ಲಂಡನ್ನಿನ ಬೀದಿ ಪೊಲೀಸರ ಹಾಗಲ್ಲ. ಬಂದೂಕು ಹಿಡಿದು, ಬ್ಯಾರಕ್ಕಿನಲ್ಲಿ ವಾಸವಿದ್ದು, ಜನರನ್ನು ಹದ್ದುಬಸ್ತಿನಲ್ಲಿಡಲು ಇದ್ದ ಪಡೆ. ಭಾರತಕ್ಕೆ ಬಂದದ್ದು ಆ ಗುಣ. ನಲವತ್ತು ವರ್ಷ ಕಳೆದ ಮೇಲೆ, 1902–03ರಲ್ಲಿ, ಸರ್ಕಾರವೇ ನೇಮಿಸಿದ ಫ್ರೇಜರ್ ಆಯೋಗ ಪೊಲೀಸರನ್ನು ಜನ ಭ್ರಷ್ಟರು, ದಬ್ಬಾಳಿಕೆ ಮಾಡುವವರು ಎಂದೇ ಕಾಣುತ್ತಾರೆ ಅಂತ ಬರೆಯಿತು.

ಒಂದು ಠಾಣೆಯ ಕೆಳಗೆ ಹತ್ತಾರು ಹಳ್ಳಿಗಳು. ಠಾಣೆಯಲ್ಲಿ ಇರುವುದು ಒಬ್ಬ ದಾರೋಗ, ಕೆಲವು ಕಾನ್‌ಸ್ಟೇಬಲ್‌ಗಳು. ಹಳ್ಳಿಗೊಬ್ಬ ಚೌಕೀದಾರ. ಸಂಬಳ ಕಡಿಮೆ, ಜನ ಕಡಿಮೆ. ಇಷ್ಟೇ ಜನ ಸೇರಿ ಸಾವಿರಾರು ಮಂದಿಯನ್ನು ಹಿಡಿದಿಡುವುದು ಹೇಗೆ? ಬಂದೂಕಿನ ಬಲ ಅಷ್ಟಿರಲಿಲ್ಲ. ಹಿಡಿದಿಟ್ಟದ್ದು ಹೆದರಿಕೆ. ದಾರೋಗ ಬಂದ ಅಂದರೆ ಜಗಲಿ ಖಾಲಿಯಾಗಬೇಕು, ಹೆಗಲ ಮೇಲಿನ ಟವೆಲ್ ಕಂಕುಳಿಗೆ ಬರಬೇಕು. ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರಲ್ಲ, 'ಸ್ಟೇಷನ್ ಮೆಟ್ಟಿಲು ಹತ್ತಬಾರದು' ಅಂತ? ಆ ಮಾತಿನಲ್ಲಿ ಇರುವುದು ಅದೇ ಹೆದರಿಕೆ. ಹಿಂದಿಯಲ್ಲಿ ಅದಕ್ಕೆ ರೋಬ್ ಅನ್ನುತ್ತಾರೆ, ನಾವು ದರ್ಪ ಅನ್ನುತ್ತೇವೆ. ದರ್ಪ ಇರುವವರೆಗೆ ಹತ್ತು ಜನ ಸಾಕು. ಅದು ಹೋದ ದಿನ ನೂರು ಜನ ಇದ್ದರೂ ಸಾಲದು. ಈ ಲೆಕ್ಕ ದಾರೋಗನಿಗೆ ಗೊತ್ತಿತ್ತು, ಅವನ ಮೇಲಿನವರಿಗೂ ಗೊತ್ತಿತ್ತು.

ಇದಕ್ಕೆ ಗಂಡಸ್ತನದ ಮಾತು ಹೇಗೆ ಅಂಟಿಕೊಂಡಿತು? 1857ರ ನಂತರ ಬ್ರಿಟಿಷರು ಇಲ್ಲಿನ ಜನರನ್ನು ಗಂಡೆದೆಯವರು, ಹೆಣ್ಣಿಗರು ಅಂತ ಬೇರ್ಪಡಿಸಿಟ್ಟರು. ಪಂಜಾಬಿನ ಸಿಖ್ಖರು, ಪಠಾಣರು, ಗೂರ್ಖಾಗಳು ಯುದ್ಧವೀರ ಜನಾಂಗ. ಓದಿದ ಬಂಗಾಳಿ ಅಳುಬುರುಕ. ಸೈನ್ಯಕ್ಕೆ ಸೇರಿದವನಿಗೆ ಸರ್ಕಾರವೇ ಗಂಡಸು ಅಂತ ಮುದ್ರೆ ಒತ್ತಿ, ಪದಕ ಕೊಟ್ಟು, ಪಿಂಚಣಿ ಕೊಟ್ಟು ಕಳಿಸುತ್ತಿತ್ತು. ಪೊಲೀಸ್ ಪೇದೆಗೆ ಅಂಥ ಮುದ್ರೆ ಇಲ್ಲ. ಬಿಳಿಯ ಸಾಹೇಬರು ಅವನನ್ನು ಲಂಚಕೋರ ಅಂತ ಬೈಯುತ್ತಿದ್ದರು, ಆಯೋಗದ ವರದಿಯಲ್ಲೂ ಅದನ್ನೇ ಬರೆದರು. ಮೇಲಿನಿಂದ ಮರ್ಯಾದೆ ಸಿಗದವನು ಅದನ್ನು ಕೆಳಗಿನವರಿಂದ ಕಿತ್ತುಕೊಳ್ಳಬೇಕು. ಹಾಗೆ ಕಿತ್ತುಕೊಂಡ ಮರ್ಯಾದೆಯನ್ನು ದಿನಾ ಸಂತೆಯಲ್ಲಿ ಎಲ್ಲರಿಗೂ ತೋರಿಸುತ್ತಿರಬೇಕು.

ಈಗ ಮತ್ತೆ ಮುಂಡೇರಾ ಬಜಾರಿಗೆ ಬರೋಣ. ಎದುರಿಗೆ ನಿಂತವನು ಸಾಮಾನ್ಯ ರೈತನಾಗಿದ್ದರೆ ಗದರಿಸಿದರೆ ಸಾಕಿತ್ತೇನೋ. ಭಗವಾನ್ ಅಹೀರ್ ಸೈನ್ಯ ಕಂಡವನು. ಸಮವಸ್ತ್ರ ಹಾಕಿದ್ದವನು. ದಾರೋಗನಿಗೆ ಸಂಬಳ ಕೊಡುವ ಸರ್ಕಾರವೇ ಅವನಿಗೆ ಪಿಂಚಣಿ ಕೊಡುತ್ತಿತ್ತು. ಖಾಕಿ ನೋಡಿ ತಲೆ ತಗ್ಗಿಸುವ ಅಭ್ಯಾಸ ಅವನಿಗೆ ಇರಬೇಕಾಗಿರಲಿಲ್ಲ. ಅಂಥವನು ಸ್ವಯಂಸೇವಕರ ಮುಂದೆ ನಿಂತು ಸಂತೆ ತಡೆದರೆ ದಾರೋಗನಿಗೆ ಎರಡು ಕಡೆ ಚುಚ್ಚುತ್ತದೆ. ಒಂದು, ಸರ್ಕಾರದ ಅನ್ನ ತಿಂದವನೇ ಸರ್ಕಾರಕ್ಕೆ ಎದುರಾಗಿದ್ದಾನೆ. ಇನ್ನೊಂದು, ಊರಿನ ಕಣ್ಣಲ್ಲಿ ತನಗಿಂತ ದೊಡ್ಡ ಗಂಡಸು ಇವನೇ. ಈ ಎರಡನೆಯದೇ ಜಾಸ್ತಿ ಚುಚ್ಚಿರಬೇಕು ಅಂತ ನನಗೆ ಅನಿಸುತ್ತದೆ. ಇದು ನನ್ನ ಓದು. ಆದರೆ ಬಂಧಿಸಿ ಕೇಸು ಹಾಕುವ ದಾರಿ ಕೈಯಲ್ಲೇ ಇದ್ದಾಗ, ಸ್ವಯಂಸೇವಕ ದಳಗಳನ್ನು 1921ರ ನವೆಂಬರ್‌ನಲ್ಲಿ ಸರ್ಕಾರವೇ ಕಾನೂನುಬಾಹಿರ ಅಂತ ಘೋಷಿಸಿರುವಾಗ, ಎಲ್ಲರೆದುರು ಹೊಡೆಯುವ ಅಗತ್ಯವೇನಿತ್ತು? ಕೇಸು ಹಾಕಿದ್ದರೆ ಕಾಗದದ ಮೇಲೆ ಗೆಲ್ಲುತ್ತಿದ್ದ. ಅವನಿಗೆ ಸಂತೆಯಲ್ಲಿ ಗೆಲ್ಲಬೇಕಾಗಿತ್ತು.

ಆ ಕಡೆಯವರನ್ನೂ ನೋಡಬೇಕು. ಸ್ವಯಂಸೇವಕ ಆಗುವವನು ಪ್ರತಿಜ್ಞೆ ಮಾಡಬೇಕಿತ್ತು. ಮಾತಿನಲ್ಲೂ ಕೃತಿಯಲ್ಲೂ ಅಹಿಂಸೆ ಪಾಲಿಸುತ್ತೇನೆ, ಜೈಲು, ಏಟು, ಬೇಕಾದರೆ ಸಾವನ್ನೂ ಸಿಟ್ಟಿಲ್ಲದೆ ತಾಳುತ್ತೇನೆ ಅಂತ. ಗಾಂಧೀಜಿ ಗಂಡಸ್ತನದ ಅರ್ಥವನ್ನೇ ಬದಲಾಯಿಸಲು ಹೊರಟಿದ್ದರು. ಹೊಡೆಯುವವನಿಗಿಂತ ಹೊಡೆತ ತಿಂದೂ ಕದಲದವನು ಧೈರ್ಯವಂತ ಅನ್ನುವುದು ಅವರ ಮಾತು. 'ನಾನೇನು ಕೈಗೆ ಬಳೆ ತೊಟ್ಟಿದ್ದೀನಾ' ಅಂತ ಮೀಸೆ ತಿರುವುವ ಊರಿಗೆ ಇದನ್ನು ಕಲಿಸುವುದು ಸುಲಭವಲ್ಲ. ಒಂದು ವರ್ಷ ಮೊದಲು, 1921ರ ಫೆಬ್ರವರಿಯಲ್ಲಿ, ಗಾಂಧೀಜಿ ಗೋರಖ್‌ಪುರಕ್ಕೆ ಬಂದುಹೋಗಿದ್ದರು. ಆಮೇಲೆ ಅವರ ಪವಾಡದ ಕಥೆಗಳು ಊರೂರಿನಲ್ಲಿ ಹರಡಿದವು. ಜನ ಅವರ ಹೆಸರನ್ನು ಶಕ್ತಿಯಾಗಿ ಹಿಡಿದುಕೊಂಡರು. ಸಂಯಮದ ಪಾಠ ಅಷ್ಟು ಆಳಕ್ಕೆ ಇಳಿಯಲಿಲ್ಲ. ಬಡರೈತನಿಗೆ, ನೇಕಾರನಿಗೆ, ಬಳೆಗಾರನಿಗೆ ಮೊದಲ ಸಲ ದಾರೋಗನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಧೈರ್ಯ ಬಂತು. ಇದು ದೊಡ್ಡ ವಿಷಯ. ಇದನ್ನು ಸುಮ್ನೆ ಗುಂಪಿನ ಹುಚ್ಚು ಅಂತ ತಳ್ಳಿಹಾಕಿದರೆ ಆ ಜನರಿಗೆ ಅನ್ಯಾಯ ಮಾಡಿದ ಹಾಗೆ.

1922ರ ಫೆಬ್ರವರಿ 4, ಶನಿವಾರ. ಸಂತೆಯ ದಿನ.

ಹತ್ತಿರದ ಡುಮ್ರಿಯಲ್ಲಿ ಬೆಳಿಗ್ಗೆ ಸಭೆ ಸೇರಿತು. ನಜರ್ ಅಲಿ, ಲಾಲ್ ಮಹಮ್ಮದ್, ಬಳೆಗಾರರ ಪೈಕಿಯ ಅಬ್ದುಲ್ಲಾ ಇವರೆಲ್ಲ ಮುಂದಿದ್ದರು. ಎಷ್ಟೋ ಹಳ್ಳಿಗಳಿಂದ ಜನ ಬಂದಿದ್ದರು. ಠಾಣೆಗೆ ಹೋಗಿ ದಾರೋಗನನ್ನು ಒಂದು ಮಾತು ಕೇಳೋಣ, ಆಮೇಲೆ ಸಂತೆಗೆ ಹೋಗಿ ಪಿಕೆಟಿಂಗ್ ಮಾಡೋಣ ಅಂತ ತೀರ್ಮಾನವಾಯಿತು. ಕೇಳಬೇಕಾದ ಮಾತು ಒಂದೇ: ನಮ್ಮವರಿಗೆ ಯಾಕೆ ಹೊಡೆದೆ?

ಈ ಪ್ರಶ್ನೆಯ ತೂಕ ಎಷ್ಟು ನೋಡಿ. ಅದು ಬೇಡಿಕೆಯಲ್ಲ, ಬೈಗುಳವಲ್ಲ, ಬೆದರಿಕೆಯೂ ಅಲ್ಲ. ಆದರೆ ದಾರೋಗನ ಹೊಡೆತಕ್ಕೆ ಯಾರೂ ಕಾರಣ ಕೇಳುವುದಿಲ್ಲ ಅನ್ನುವುದರ ಮೇಲೇ ಠಾಣೆ ನಿಂತಿತ್ತು. ಕೇಳಿದರೆ, ಉತ್ತರ ಕೊಟ್ಟರೂ ಸೋತ ಹಾಗೆ, ಕೊಡದಿದ್ದರೂ ಸೋತ ಹಾಗೆ.

ದಾರೋಗ ಗೋರಖ್‌ಪುರದಿಂದ ಬಂದೂಕು ಹಿಡಿದ ಪೊಲೀಸರನ್ನು ಕರೆಸಿಕೊಂಡಿದ್ದ. ಚೌಕೀದಾರರೂ ಲಾಠಿ ಹಿಡಿದು ಸೇರಿದ್ದರು. ಮೆರವಣಿಗೆ ಬಂತು, ಸಾವಿರಾರು ಜನ. ಮುಂದೆ ಏನಾಯಿತು ಅನ್ನುವುದನ್ನು ಗಾಂಧೀಜಿ ತಮಗೆ ಬಂದ ಮಾಹಿತಿ ಆಧರಿಸಿ ಅದೇ ತಿಂಗಳು ತಮ್ಮ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ ಬರೆದಿದ್ದಾರೆ. ಮೆರವಣಿಗೆಗೆ ತೊಂದರೆ ಕೊಡುವುದಿಲ್ಲ ಅಂತ ಠಾಣೆಯ ಅಧಿಕಾರಿ ಮಾತು ಕೊಟ್ಟಿದ್ದ. ಮೆರವಣಿಗೆಯ ಮುಂಭಾಗ ದಾಟಿಹೋಯಿತು. ಆಮೇಲೆ ಕೊನೆಯಲ್ಲಿ ಉಳಿದಿದ್ದ ಕೆಲವರನ್ನು ಪೊಲೀಸರು ಬೈದರು, ತಡೆದು ಕಾಡಿಸಿದರು. ಅವರು ಕೂಗಿಕೊಂಡರು. ಮುಂದೆ ಹೋದವರು ತಿರುಗಿ ಬಂದರು.

ನನಗೆ ಇಡೀ ಪ್ರಕರಣದಲ್ಲಿ ಮನಸ್ಸು ಹಿಡಿದು ನಿಲ್ಲಿಸುವ ಜಾಗ ಇದು. ದೊಡ್ಡ ಗುಂಪು ಎದುರಿಗಿದ್ದಾಗ ಪೊಲೀಸರು ಮಾತು ಕೊಟ್ಟು ಪಕ್ಕಕ್ಕೆ ಸರಿದರು. ಬುದ್ಧಿವಂತಿಕೆಯ ಕೆಲಸವೇ. ಯಾರೂ ಸಾಯುತ್ತಿರಲಿಲ್ಲ. ಆದರೆ ಊರೆಲ್ಲ ನೋಡುತ್ತಿರುವಾಗ ಪಕ್ಕಕ್ಕೆ ಸರಿದದ್ದು ಎದೆಯೊಳಗೆ ಕುದಿಯುತ್ತಿತ್ತು. ಆ ಕುದಿ ಹೊರಬಿದ್ದದ್ದು ಕೈಗೆ ಸಿಕ್ಕ ನಾಲ್ಕು ಜನರ ಮೇಲೆ, ಹಿಂದೆ ಬಿದ್ದವರ ಮೇಲೆ. ದೊಡ್ಡವರ ಮುಂದೆ ಕಳೆದುಕೊಂಡ ಮರ್ಯಾದೆಯನ್ನು ಚಿಕ್ಕವರ ಮೇಲೆ ಕೈ ಮಾಡಿ ಸರಿಮಾಡಿಕೊಳ್ಳುವುದು. ಇದನ್ನು ನಾವು ಮನೆಗಳಲ್ಲಿ ನೋಡಿಲ್ವಾ? ಆಫೀಸಿನಲ್ಲಿ ಬೈಸಿಕೊಂಡು ಬಂದವನು ಮನೆಯಲ್ಲಿ ತಟ್ಟೆ ಎಸೆಯುತ್ತಾನೆ. ಅವನ ಕೈಯಲ್ಲಿ ಲಾಠಿ, ಬೆನ್ನಿಗೆ ಸರ್ಕಾರ ಇದ್ದರೆ ಏನಾಗುತ್ತದೋ ಅದೇ ಅಲ್ಲಿ ಆಯಿತು.

ಆಮೇಲಿನದು ಬೇಗ ಬೇಗ ನಡೆದುಹೋಯಿತು. ರೈಲು ಹಳಿಯ ಜಲ್ಲಿಕಲ್ಲುಗಳು ಹಾರಿಬಂದವು. ಪೊಲೀಸರು ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದರು. ಹೆದರಿಸುವುದು ಉದ್ದೇಶ. ಯಾರಿಗೂ ತಾಗದ್ದನ್ನು ಕಂಡು ಗಾಂಧಿ ಮಹಾತ್ಮರ ಕೃಪೆಯಿಂದ ಗುಂಡು ನೀರಾಗಿವೆ ಅಂತ ಗುಂಪಿನಲ್ಲಿ ಕೂಗೆದ್ದಿತು. ಹೆದರಿಕೆ ಅನ್ನುವ ಹಳೆಯ ಆಯುಧ ಅಲ್ಲಿಗೇ ಮುರಿದುಬಿತ್ತು. ಇನ್ನು ಉಳಿದದ್ದು ನಿಜವಾದ ಗುಂಡು. ಅದೂ ಹಾರಿತು, ಮೂವರು ಸತ್ತರು, ಹಲವರಿಗೆ ಗಾಯವಾಯಿತು. ಗುಂಡು ಖಾಲಿಯಾಯಿತು. ಪೊಲೀಸರು ಠಾಣೆಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ಜನ ಸೀಮೆಎಣ್ಣೆ ತಂದು ಬೆಂಕಿ ಹಚ್ಚಿದರು. ಹೊರಗೆ ಬಂದವರನ್ನು ಕೊಂದು ಬೆಂಕಿಗೆ ಎಸೆದರು. ಸತ್ತ ಪೊಲೀಸರ ಸಂಖ್ಯೆ ಒಂದು ಲೆಕ್ಕದಲ್ಲಿ 22, ಇನ್ನೊಂದರಲ್ಲಿ 23. ಗುಪ್ತೇಶ್ವರ ಸಿಂಗ್ ಕೂಡ ಸತ್ತ.

ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ಬಾಗಿಲು ಹಾಕಿಕೊಂಡು ಒಳಗೆ ಕೂತ, ಗುಂಡು ಮುಗಿದ ಮನುಷ್ಯನನ್ನು ಸುಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪೊಲೀಸರು ಕೆಣಕಿದ್ದರು ಅಂತ ಬರೆದ ಗಾಂಧೀಜಿಯೇ, ಎಷ್ಟೇ ಕೆಣಕಿದ್ದರೂ ಶರಣು ಬಂದವರನ್ನು ಕೊಂದದ್ದು ತಪ್ಪು ಅಂತ ಅದೇ ಬರಹದಲ್ಲಿ ಹೇಳಿದರು, ಐದು ದಿನ ಉಪವಾಸ ಕೂತರು. ಫೆಬ್ರವರಿ 12ರಂದು ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಚಳವಳಿಯನ್ನು ನಿಲ್ಲಿಸಿತು.

ಸತ್ತವರಲ್ಲಿ ಚೌಕೀದಾರರೂ ಇದ್ದರು. ಅವರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಚೌಕೀದಾರ ಅಂದರೆ ಹಳ್ಳಿಯ ಕಾವಲುಗಾರ, ನಮ್ಮ ತಳವಾರನ ಹಾಗೆ. ಬಹುಪಾಲು ಕೆಳಜಾತಿಯ ಬಡವರು. ಊರಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಅಂತ ಠಾಣೆಗೆ ವರದಿ ಒಪ್ಪಿಸಬೇಕು, ರಾತ್ರಿ ಗಸ್ತು ತಿರುಗಬೇಕು, ದಾರೋಗ ಕರೆದಾಗ ಓಡಿಬರಬೇಕು. ಸಿಗುತ್ತಿದ್ದದ್ದು ಅತಿ ಸಣ್ಣ ಕಾಸು. ಸರ್ಕಾರ ಕೊಟ್ಟ ಗುರುತು ತಲೆಯ ಮೇಲಿನ ಕೆಂಪು ಪೇಟ. ಆ ಪೇಟ ಇದ್ದಾಗ ಊರ ದೊಡ್ಡವರೂ ಅವನನ್ನು ಸ್ವಲ್ಪ ಲೆಕ್ಕಕ್ಕೆ ಇಡುತ್ತಿದ್ದರು. ಅವನ ಪಾಲಿಗೆ ಬಂದ ಮರ್ಯಾದೆ ಅಷ್ಟು ಉದ್ದದ ಬಟ್ಟೆ. ಆ ಶನಿವಾರ ಅದೇ ಬಟ್ಟೆ ಅವನನ್ನು ಹಿಡಿದುಕೊಟ್ಟಿತು. ಪೇಟ ಕಿತ್ತೆಸೆದು ಗುಂಪಿನಲ್ಲಿ ಸೇರಿಕೊಂಡವನು ಬದುಕಿದ. ಪೇಟ ಕಟ್ಟಿಕೊಂಡೇ ಇದ್ದವನು ದಾರೋಗನ ಜಗಳಕ್ಕೆ ಪ್ರಾಣ ಕೊಟ್ಟ. ಭಗವಾನ್ ಅಹೀರ್‌ಗೆ ಹೊಡೆಯಬೇಕು ಅಂತ ಅವನೇನು ತೀರ್ಮಾನಿಸಿರಲಿಲ್ಲವಲ್ಲ.

ನಂತರ ಸರ್ಕಾರ ಏನು ಮಾಡಿತು? ದಾರೋಗ ಮಾಡಿದ್ದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತು. ಠಾಣೆ ಸುಟ್ಟದ್ದು ಸರ್ಕಾರದ ಮುಖಕ್ಕೆ ಹೊಡೆದ ಹಾಗೆ. ಹಳ್ಳಿ ಹಳ್ಳಿಗೆ ನುಗ್ಗಿ ನೂರಾರು ಜನರನ್ನು ಹಿಡಿದರು. ಆರೋಪಿಗಳಲ್ಲೇ ಒಬ್ಬನಾದ ಮೀರ್ ಶಿಕಾರಿ ಅನ್ನುವವನು ಮಾಫಿ ಸಾಕ್ಷಿಯಾದ, ಅಂದರೆ ಕ್ಷಮೆ ಪಡೆದು ಸರ್ಕಾರದ ಪರ ಸಾಕ್ಷಿ ಹೇಳಿದ. ಇನ್ನೂರಕ್ಕೂ ಹೆಚ್ಚು ಮಂದಿಯ ವಿಚಾರಣೆ ನಡೆಯಿತು. 1923ರ ಜನವರಿಯಲ್ಲಿ ಗೋರಖ್‌ಪುರದ ಸೆಷನ್ಸ್ ನ್ಯಾಯಾಧೀಶರು 172 ಜನರಿಗೆ ಮರಣದಂಡನೆ ವಿಧಿಸಿದರು. ಒಂದೇ ಕೇಸಿನಲ್ಲಿ 172 ಗಲ್ಲು! ಒಬ್ಬ ಸತ್ತ ಪೊಲೀಸನಿಗೆ ಏಳು ಪ್ರಾಣಕ್ಕಿಂತ ಜಾಸ್ತಿ. ಇದು ಯಾವ ಅಪರಾಧದ ತೂಕ? ಯಾರು ಕಲ್ಲೆಸೆದರು, ಯಾರು ಕೊಂದರು, ಯಾರು ಸುಮ್ನೆ ನಿಂತು ನೋಡಿದರು ಅಂತ ಬೇರ್ಪಡಿಸಿದ್ದರೆ ಈ ಸಂಖ್ಯೆ ಬರುತ್ತಿರಲಿಲ್ಲ. ಮತ್ತೆ ಯಾರೂ 'ಯಾಕೆ ಹೊಡೆದೆ' ಅಂತ ಠಾಣೆಯ ಮುಂದೆ ನಿಲ್ಲಬಾರದು, ತೀರ್ಪಿನ ಹಿಂದೆ ಇದ್ದದ್ದು ಅದೇ ಅಂತ ನಾನು ನಂಬುತ್ತೇನೆ.

ಅಲಹಾಬಾದ್ ಹೈಕೋರ್ಟಿನಲ್ಲಿ ಮದನ ಮೋಹನ ಮಾಳವೀಯರು ಆರೋಪಿಗಳ ಪರ ವಾದಿಸಿದರು. ವಕೀಲಿ ಬಿಟ್ಟು ಎಷ್ಟೋ ಕಾಲವಾಗಿದ್ದ ಅವರು ಇದಕ್ಕಾಗಿ ಮತ್ತೆ ಕೋರ್ಟಿಗೆ ಬಂದದ್ದು. 172ರಲ್ಲಿ 19 ಜನರ ಗಲ್ಲು ಉಳಿಯಿತು. 110 ಜನರಿಗೆ ಜೀವಾವಧಿ. 1923ರ ಜುಲೈನಲ್ಲಿ 19 ಮಂದಿಯನ್ನೂ ಗಲ್ಲಿಗೇರಿಸಿದರು. ನಜರ್ ಅಲಿ, ಲಾಲ್ ಮಹಮ್ಮದ್, ಬಳೆಗಾರ ಅಬ್ದುಲ್ಲಾ ಆ ಪಟ್ಟಿಯಲ್ಲಿದ್ದಾರೆ. ಭಗವಾನ್ ಅಹೀರ್ ಕೂಡ. ಸಂತೆಯಲ್ಲಿ ಏಟು ತಿಂದವನು ಕೊನೆಗೆ ಅದೇ ಸರ್ಕಾರದ ಹಗ್ಗಕ್ಕೆ ಕೊರಳು ಕೊಟ್ಟ.

ಇದು ದೂರದ ಊರಿನ ಕಥೆ ಅನಿಸಬಹುದು. ಚೌರಿ ಚೌರಾಗೆ ಏಳು ತಿಂಗಳ ಮೊದಲು, 1921ರ ಜುಲೈ 1ರಂದು, ಧಾರವಾಡದಲ್ಲಿ ಹೆಂಡದಂಗಡಿಯ ಮುಂದೆ ಇದೇ ಚಳವಳಿಯ ಪಿಕೆಟಿಂಗ್ ನಡೆಯುತ್ತಿದ್ದಾಗ ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದರು. ಅದು ನಡೆದ ಜಕಣಿ ಬಾವಿಯ ಹತ್ತಿರ ಈಗ ಓಡಾಡುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ. ಅಲ್ಲೂ ಹೆಂಡ, ಅಲ್ಲೂ ಪಿಕೆಟಿಂಗ್, ಅಲ್ಲೂ ಮೂವರು. ಧಾರವಾಡದಲ್ಲಿ ಠಾಣೆ ಸುಡಲಿಲ್ಲ, ಹಾಗಾಗಿ ಪಠ್ಯಪುಸ್ತಕದಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ.

ಇನ್ನೊಂದು ಶಿಕಾರಿಪುರದ ಈಸೂರು, 1942. ಅದು ಮೈಸೂರು ಮಹಾರಾಜರ ಆಡಳಿತ, ನೇರ ಬ್ರಿಟಿಷರದ್ದಲ್ಲ. ಆದರೆ ಪೊಲೀಸ್ ದರ್ಪದ ಅಚ್ಚು ಅದೇ. ಈಸೂರಿನ ಜನ ಊರನ್ನು ಸ್ವತಂತ್ರ ಅಂತ ಘೋಷಿಸಿ, ಇಬ್ಬರು ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿಕೊಂಡರು. ಊರಿಗೆ ಬಂದ ನಿಜವಾದ ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಪಟ್ಟು ಹಿಡಿದರು. ತಲೆಯ ಮೇಲೆ ಏನಿರಬೇಕು ಅನ್ನುವುದೇ ಜಗಳ. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಚೌಕೀದಾರನ ಕೆಂಪು ಪೇಟ ಓದುವಾಗ ನನಗೆ ಈಸೂರಿನ ಬಿಳಿ ಟೋಪಿ ನೆನಪಾಗದೆ ಇರುವುದಿಲ್ಲ.

ಸತ್ತ ಪೊಲೀಸರಿಗಾಗಿ ಬ್ರಿಟಿಷರು ಚೌರಿ ಚೌರಾದಲ್ಲಿ ಸ್ಮಾರಕ ಕಟ್ಟಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ಕೆಡವಲಿಲ್ಲ, 'ಜೈ ಹಿಂದ್' ಅಂತ ಸೇರಿಸಿದರು. ಗಲ್ಲಿಗೇರಿದ 19 ಜನರ ಸ್ಮಾರಕಕ್ಕೆ ಅಲ್ಲಿನ ಜನ 1970ರ ದಶಕದವರೆಗೆ ಕಾಯಬೇಕಾಯಿತು. ತಾವೇ ಒಂದು ಸಮಿತಿ ಮಾಡಿಕೊಂಡು ಕಟ್ಟಿದರು. ಈಗ ಎರಡೂ ಅದೇ ಊರಿನಲ್ಲಿವೆ. ಒಂದರಲ್ಲಿ ಭಗವಾನನಿಗೆ ಹೊಡೆದ ದಾರೋಗನ ನೆನಪು, ಇನ್ನೊಂದರಲ್ಲಿ ಭಗವಾನನ ನೆನಪು.